ವಿಚಾರಣಾಧೀನ ಕೈದಿಗಳ ಹಕ್ಕುಗಳ ಕುರಿತು ಸಂಶೋಧನೆ: ಎಲ್ಲಿಂದ ತೊಡಗಬೇಕು?

ಪ್ರಶ್ನೆ: ಎಲ್‌ಎಲ್‌ಎಂ ವಿದ್ಯಾರ್ಥಿನಿ, ದಾವಣಗೆರೆ

ಮಾನ್ಯರೇ, ನನಗೆ ವಕೀಲಿಕೆಗಿಂತ ಬೋಧನೆ ಮತ್ತು ಸಂಶೋಧನೆಯ ಕಡೆಗೆ ಒಲವು. "ವಿಚಾರಣಾಧೀನ ಕೈದಿಗಳ ಮಾನವ ಹಕ್ಕುಗಳು" ಎಂಬ ವಿಷಯದಲ್ಲಿ ಪಿಎಚ್‌ಡಿ ಮಾಡುವ ಇಚ್ಛೆಯಿದೆ ಎಂದಾಗ ನಮ್ಮ ಅಧ್ಯಾಪಕರು, ಇದು ವಿಷಯವಲ್ಲ, ಗ್ರಂಥಾಲಯದ ಒಂದು ಕಪಾಟು ಎಂದರು. ಇದನ್ನು ಕಿರಿದಾಗಿಸುವುದು ಹೇಗೆ, ಜೈಲಿಗೆ ಹೋಗದೆ ಇಂಥ ಸಂಶೋಧನೆ ಸಾಧ್ಯವೇ, ಮುಂದೆ ಉದ್ಯೋಗದ ದಾರಿ ಏನು ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1: ನಿವೃತ್ತ ಕಾನೂನು ಪ್ರಾಧ್ಯಾಪಕ

ನಿಮ್ಮ ಅಧ್ಯಾಪಕರ ಮಾತು ಕಟುವಾದರೂ ಸರಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ವರದಿಯಂತೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ಈ ಅಂಕಿಯನ್ನು ಪೀಠಿಕೆಯಲ್ಲಿಟ್ಟು, ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯವನ್ನು ಕಾಯುವ ಸಂವಿಧಾನದ 21ನೇ ವಿಧಿಯನ್ನೂ, ತ್ವರಿತ ವಿಚಾರಣೆ ಆರೋಪಿಯ ಹಕ್ಕು ಎಂದ 1979ರ ಹುಸೈನಾರಾ ಖಾತೂನ್ ತೀರ್ಪನ್ನೂ ಉದ್ಧರಿಸಿ ಕೈತೊಳೆದುಕೊಂಡ ಪ್ರಬಂಧಗಳನ್ನು ಬೇಕಾದಷ್ಟು ಓದಿದ್ದೇನೆ. ನೀವು ಒಂದೇ ಕಲಮಿನ ಬೆನ್ನು ಹತ್ತಿರಿ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನಂತೆ, ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ವಿಧಿಸಬಹುದಾದ ಅಪರಾಧಗಳನ್ನು ಬಿಟ್ಟು ಉಳಿದವುಗಳಲ್ಲಿ, ಹಿಂದೆಂದೂ ಶಿಕ್ಷೆಗೊಳಗಾಗದ ಆರೋಪಿ ಗರಿಷ್ಠ ಶಿಕ್ಷೆಯ ಮೂರನೇ ಒಂದರಷ್ಟು ಕಾಲ ಬಂಧನದಲ್ಲಿ ಕಳೆದಿದ್ದರೆ ಬಿಡುಗಡೆಗೆ ಅರ್ಹನಾಗುತ್ತಾನೆ. ಅದಕ್ಕಾಗಿ ಜೈಲು ಅಧೀಕ್ಷಕರೇ ನ್ಯಾಯಾಲಯಕ್ಕೆ ಲಿಖಿತ ಅರ್ಜಿ ಸಲ್ಲಿಸಬೇಕು. ಸಂಹಿತೆ ಜಾರಿಗೆ ಬಂದ 2024ರ ಜುಲೈ 1ಕ್ಕಿಂತ ಹಿಂದಿನ ಪ್ರಕರಣಗಳಿಗೂ ಇದು ಅನ್ವಯಿಸುತ್ತದೆ ಎಂದು ಅದೇ ವರ್ಷದ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಆದರೆ ಒಂದಕ್ಕಿಂತ ಹೆಚ್ಚು ಪ್ರಕರಣಗಳು ಬಾಕಿ ಇದ್ದವರಿಗೆ ಇದೇ ಕಲಮಿನ ಎರಡನೇ ಉಪಕಲಂ ಬಾಗಿಲು ಮುಚ್ಚುತ್ತದೆ. ಒಂದು ಜಿಲ್ಲೆಯಲ್ಲಿ ಎಷ್ಟು ಅರ್ಜಿಗಳು ಹೋದವು, ಎಷ್ಟು ತಿರಸ್ಕೃತವಾದವು, ಯಾವ ಕಾರಣಕ್ಕೆ ಎಂಬಷ್ಟೇ ಹುಡುಕಿದರೂ ಒಂದು ಪಿಎಚ್‌ಡಿಗೆ ಸಾಕು.

ಉತ್ತರ 2: ವಕೀಲ, ಧಾರವಾಡ

ಜೈಲಿಗೆ ಹೋಗುವ ಮುನ್ನ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಆರೋಪಿಗಳನ್ನು ಹಾಜರುಪಡಿಸುವ ಹೊತ್ತಿಗೆ ಕುಳಿತು ನೋಡಿರಿ. ಪೊಲೀಸರಿಂದ ಏನಾದರೂ ತೊಂದರೆಯಾಯಿತೇ ಎಂದು ನ್ಯಾಯಾಧೀಶರು ಕೇಳುತ್ತಾರೆ. ಕರೆತಂದ ಪೇದೆ ಪಕ್ಕದಲ್ಲೇ ನಿಂತಿರುವಾಗ ಆರೋಪಿ ಇಲ್ಲವೆಂದು ತಲೆಯಾಡಿಸುತ್ತಾನೆ. ದೂರೇನೂ ಇಲ್ಲ ಎಂಬ ಸಾಲು ನ್ಯಾಯಾಲಯದ ನಡಾವಳಿ ಬರೆಯುವ ಆರ್ಡರ್ ಶೀಟಿಗೆ ಹೋಗುತ್ತದೆ. ಮುಂದೆ ಅಧ್ಯಯನಗಳು ಆಧರಿಸುವ ದಾಖಲೆ ಇದೇ. ಬಂಧಿಸುವಾಗ ಪೊಲೀಸರು ಬರೆಯುವ ಬಂಧನದ ಮೆಮೊಗೆ ಕುಟುಂಬದವರ ಅಥವಾ ಸ್ಥಳೀಯ ಗೌರವಾನ್ವಿತರೊಬ್ಬರ ಸಹಿ ಇರಬೇಕೆಂದು ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು, ಈಗ ಅದು ಸಂಹಿತೆಯಲ್ಲೇ ಇದೆ. ಸಹಿ ಯಾರದ್ದು ಎಂಬುದನ್ನು ಗಮನಿಸಿರಿ. ನಮ್ಮಲ್ಲಿ ಎಫ್‌ಐಆರ್, ಪಂಚನಾಮೆ (ಸಾಕ್ಷಿಗಳ ಎದುರು ಪೊಲೀಸರು ಬರೆಯುವ ವರದಿ, ಅಂದರೆ ಮಹಜರು), ಹೇಳಿಕೆಗಳೆಲ್ಲ ಬಹುಮಟ್ಟಿಗೆ ಕನ್ನಡದಲ್ಲೇ ಇರುವುದರಿಂದ, ಬೇರೆ ಬೇರೆ ಪ್ರಕರಣಗಳ ಮಹಜರುಗಳಲ್ಲಿ ಅದೇ ವಾಕ್ಯಗಳು ಮರುಕಳಿಸುವುದನ್ನು ಹಿಡಿಯುವುದು ನಿಮಗೆ ಹೊರಗಿನ ಸಂಶೋಧಕರಿಗಿಂತ ಸುಲಭ.

ಉತ್ತರ 3: ಸಂಶೋಧಕಿ, ಬೆಂಗಳೂರು

ಕಡತಗಳಷ್ಟೇ ಸಾಕೆಂಬ ಧ್ವನಿ ಮೇಲಿನ ಉತ್ತರಗಳಲ್ಲಿದೆ. ಅದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ 2016ರ ಮರಣದಂಡನೆ ವರದಿಗೆ ತೂಕ ಬಂದದ್ದು ಕೈದಿಗಳನ್ನೂ ಅವರ ಕುಟುಂಬದವರನ್ನೂ ಮಾತನಾಡಿಸಿದ್ದರಿಂದ. ಆದರೆ ಕಾರಾಗೃಹ ಇಲಾಖೆಯ ಅನುಮತಿಗೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು, ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಒಪ್ಪಿಗೆಯೂ ಬೇಕು. ಅದಕ್ಕಿಂತ ಮುಖ್ಯವಾದ ಎಚ್ಚರಿಕೆಯೊಂದಿದೆ: ವಕೀಲರಿಗೆ ಕಕ್ಷಿದಾರ ಹೇಳಿದ ಗುಟ್ಟಿಗೆ ಕಾನೂನಿನ ರಕ್ಷಣೆಯಿದೆ, ಸಂಶೋಧಕರ ಟಿಪ್ಪಣಿ ಪುಸ್ತಕಕ್ಕೆ ಇಲ್ಲ. ಪ್ರಕರಣ ನಡೆಯುತ್ತಿರುವಾಗ ಆರೋಪದ ಸಂಗತಿಯನ್ನು ಕೇಳಲೇಬಾರದು; ಜಾಮೀನು, ದಿನದ ಪಾಡು, ವಕೀಲರ ಭೇಟಿ ಇಷ್ಟಕ್ಕೇ ಪ್ರಶ್ನೆಗಳನ್ನು ಸೀಮಿತಗೊಳಿಸಬೇಕು. ಮಾತನಾಡಿದರೆ ಬಿಡುಗಡೆಗೆ ನೆರವಾಗುತ್ತದೆ ಎಂಬ ಆಸೆ ಹುಟ್ಟದಂತೆಯೂ ನೋಡಿಕೊಳ್ಳಬೇಕು, ಇದೇ ಎಲ್ಲಕ್ಕಿಂತ ಕಷ್ಟ.

ಉದ್ಯೋಗದ ಕುರಿತು: ಮಾನವ ಹಕ್ಕುಗಳು ಮತ್ತು ಕರ್ತವ್ಯಗಳು ಎಂಬ ವಿಷಯ, ಕಾಲೇಜು ಅಧ್ಯಾಪಕರ ಹುದ್ದೆಗೆ ಅರ್ಹತೆ ನೀಡುವ ನೆಟ್ ಪರೀಕ್ಷೆಯಲ್ಲಿ ಪ್ರತ್ಯೇಕವಾಗಿಯೇ ಇದೆ, ಆದರೂ ಕಾನೂನು ಕಾಲೇಜಿನಲ್ಲಿ ಕಲಿಸುವ ಗುರಿಯಿದ್ದರೆ ಕಾನೂನು ವಿಷಯದಲ್ಲೇ ಬರೆಯಿರಿ. ಅದೇ ಪರೀಕ್ಷೆಯ ಮೂಲಕ ಸಿಗುವ ಸಂಶೋಧನಾ ವೇತನವಾದ ಜೆಆರ್‌ಎಫ್ ದೊರೆತರೆ ತಿಂಗಳಿಗೆ 37,000 ರೂಪಾಯಿ ಬರುವುದರಿಂದ, ಅನುಮತಿಗಾಗಿ ಕಾಯುವ ಅವಧಿಯಲ್ಲಿ ಅರೆಕಾಲಿಕ ಕೆಲಸ ಹುಡುಕುವ ಅಗತ್ಯ ಬೀಳುವುದಿಲ್ಲ.