‘ಶುದ್ಧ’ ಎಂದರೆ ಎಷ್ಟು ಶುದ್ಧ? ಶುಶ್ರೂಷೆಯ ಕೆಲವು ಪದಗಳ ಬಗ್ಗೆ

ಶುಶ್ರೂಷೆ ಕಲಿಯುವವರ ಮೊದಲ ಪಾಠಗಳಿಗಾಗಿ ಬರೆದ ಕನ್ನಡ ಕೈಪಿಡಿಯೊಂದನ್ನು ತಿದ್ದುತ್ತಿದ್ದೇನೆ. ಸೋಂಕು ತಡೆಯುವ ಅಧ್ಯಾಯದಲ್ಲಿ ಕೆಲವು ಪದಗಳು ಮುಂದೆ ಹೋಗಲು ಬಿಡುತ್ತಿಲ್ಲ, ಬಲ್ಲವರ ಅಭಿಪ್ರಾಯ ಬೇಕು. ಕಥೆಯಲ್ಲೋ ಪ್ರಬಂಧದಲ್ಲೋ ಒಂದು ಪದ ತುಸು ಸಡಿಲವಾದರೆ ಓದುಗರೇ ಸರಿಪಡಿಸಿಕೊಂಡು ಓದುತ್ತಾರೆ. ಇಲ್ಲಿ ಓದಿದ್ದನ್ನು ಓದಿದ ಹಾಗೆಯೇ ಕೈ ಮಾಡುತ್ತದೆ. ತಪ್ಪಿದರೆ ಏಟು ಬೀಳುವುದು ಹಾಸಿಗೆ ಹಿಡಿದವರಿಗೆ.

ಎಲ್ಲಕ್ಕಿಂತ ಹೆಚ್ಚು ಕಾಡುತ್ತಿರುವುದು ‘ಶುದ್ಧ’. ‘ಶುದ್ಧ ಹೊದಿಕೆ ಹಾಸಿ’, ‘ಶುದ್ಧ ಎಂಡೋಸ್ಕೋಪ್ ಇಡಿ’, ‘ಶುದ್ಧ ಸೂಜಿ ಬಳಸಿ’ ಎಂಬ ಮೂರೂ ವಾಕ್ಯಗಳು ಕರಡಿನಲ್ಲಿವೆ. ಹೊದಿಕೆಯನ್ನು ಒಗೆದು ಒಣಗಿಸಿದ್ದರೆ ಸಾಕು. ಎಂಡೋಸ್ಕೋಪ್ ಒಳಗೆ ಇಳಿಬಿಟ್ಟು ನೋಡುವ ಕೊಳವೆ, ದೇಹದೊಳಗಿನ ಲೋಳೆಪೊರೆಗೆ ತಾಗುವಂಥದ್ದು, ಅದಕ್ಕೆ ತೊಳೆದ ಮೇಲೆ ಪ್ರಬಲ ರಾಸಾಯನಿಕದ ಉಪಚಾರ ಆಗಲೇಬೇಕು. ಸೂಜಿ ಚರ್ಮ ಸೀಳಿ ಒಳಗೆ ಹೋಗುತ್ತದೆ, ಅದರ ಮೇಲೆ ಒಂದು ಜೀವಾಣುವೂ ಉಳಿದಿರಬಾರದು. ಉಪಕರಣ ಬರೀ ಚರ್ಮಕ್ಕೆ ತಾಗುತ್ತದೆಯೋ, ಲೋಳೆಪೊರೆಗೋ, ಅವನ್ನೂ ದಾಟಿ ಒಳಗೆ ಹೋಗುತ್ತದೆಯೋ ಎಂಬುದರ ಮೇಲೆ ಹೀಗೆ ಮೂರು ಮಟ್ಟ ಮಾಡಿದವರು ಅಮೆರಿಕದ ಸೂಕ್ಷ್ಮಜೀವಿ ವಿಜ್ಞಾನಿ ಅರ್ಲ್ ಸ್ಪಾಲ್ಡಿಂಗ್. ಆ ವಿಂಗಡಣೆಯನ್ನು ಆಸ್ಪತ್ರೆಗಳು ಇಂದಿಗೂ ಪಾಲಿಸುತ್ತವೆ. ನಮ್ಮ ‘ಶುದ್ಧ’ ಈ ಮೂರನ್ನೂ ಒಂದೇ ಚೀಲಕ್ಕೆ ತುಂಬಿಬಿಡುತ್ತದೆ. ‘ಸ್ವಚ್ಛ’, ‘ನಿರ್ಮಲ’ ಎಂದು ಬದಲಿಸಿದರೂ ಫಲವಿಲ್ಲ, ಅವೂ ಕಣ್ಣಿಗೆ ಕಾಣುವ ಕೊಳೆಯ ಮಾತೇ ಆಡುತ್ತವೆ.

ಕಣ್ಣನ್ನು ನಂಬಿದರೆ ಏನಾಗುತ್ತದೆ ಎಂಬುದಕ್ಕೆ 1847ರ ವಿಯೆನ್ನಾ ಸಾಕ್ಷಿ. ಶವಪರೀಕ್ಷೆ ಮುಗಿಸಿದ ವೈದ್ಯರು ಸೋಪಿನಲ್ಲಿ ಕೈ ತೊಳೆದು ನೇರವಾಗಿ ಹೆರಿಗೆ ವಾರ್ಡಿಗೆ ಬರುತ್ತಿದ್ದರು. ಕೈ ನೋಡಲು ಚೊಕ್ಕಟವಾಗಿಯೇ ಇರುತ್ತಿತ್ತು. ಶವದ ವಾಸನೆ ಮಾತ್ರ ಹೋಗಿರುತ್ತಿರಲಿಲ್ಲ. ಬಾಣಂತಿಯರು ಜ್ವರದಿಂದ ಸಾಯುತ್ತಿದ್ದರು. ಅಲ್ಲಿನ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್ ಕ್ಲೋರಿನ್ ಬೆರೆತ ಸುಣ್ಣದ ದ್ರಾವಣದಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದ ಮೇಲೆ ಸಾವುಗಳು ಥಟ್ಟನೆ ಇಳಿದವು. ಆ ವೈದ್ಯರ ಕೈ ‘ಶುದ್ಧ’ ಎಂದರೆ ಯಾರೂ ಅಲ್ಲಗಳೆಯಲಾರರು, ಪದದ ತೊಂದರೆ ಇರುವುದೇ ಅಲ್ಲಿ.

ಹಾಗಾಗಿ ಮೊದಲ ಮಟ್ಟಕ್ಕೆ ವಿಶೇಷಣವೇ ಬೇಡ ಎನಿಸುತ್ತದೆ. ‘ತೊಳೆದ’, ‘ಒರೆಸಿದ’, ‘ಒಗೆದ’ ಎಂದು ಮಾಡಿದ ಕೆಲಸವನ್ನೇ ಹೇಳಿದರೆ ಗೊಂದಲವಿಲ್ಲ. ಎರಡನೆಯದಕ್ಕೆ ‘ಸೋಂಕುನಿವಾರಣೆ’ ಈಗಾಗಲೇ ಬಳಕೆಯಲ್ಲಿದೆ. ‘ಕ್ರಿಮಿನಾಶಕ’ವನ್ನು ಕೈಬಿಡುವುದು ಒಳ್ಳೆಯದು. ಅದು ಹೊಲಕ್ಕೆ ಸಿಂಪಡಿಸುವ ವಿಷವೂ ಹೌದು, ನೆಲ ಒರೆಸುವ ದ್ರಾವಣವೂ ಹೌದು, ಗಾಯಕ್ಕೆ ಹಚ್ಚುವ ಔಷಧವೂ ಹೌದು. ಗ್ಲುಟರಾಲ್ಡಿಹೈಡ್ ಉಪಕರಣಕ್ಕೆ, ಕ್ಲೋರ್‌ಹೆಕ್ಸಿಡಿನ್ ಚರ್ಮಕ್ಕೆ. ಎರಡು ಬಾಟಲಿಯ ಮೇಲೂ ‘ಕ್ರಿಮಿನಾಶಕ’ ಎಂಬ ಒಂದೇ ಚೀಟಿ ಅಂಟಿಸಿದರೆ ಯಾರದೋ ಮೈ ಸುಡುತ್ತದೆ. ಚರ್ಮಕ್ಕೆ, ಗಾಯಕ್ಕೆ ಹಚ್ಚುವುದನ್ನು ‘ನಂಜುನಿರೋಧಕ’ ಎನ್ನೋಣ, ವಸ್ತುಗಳಿಗೆ ಬಳಸುವುದನ್ನು ‘ಸೋಂಕುನಿವಾರಕ’ ಎನ್ನೋಣ. ‘ಗಾಯ ನಂಜಾಯಿತು’ ಎಂದು ಜನ ಆಡುವುದರಿಂದ ಮೊದಲ ಪದವನ್ನು ವಿವರಿಸಬೇಕಾದ ಅಗತ್ಯವೂ ಇಲ್ಲ.

ತೊಡಕು ಮೂರನೆಯ ಮಟ್ಟದ್ದು. ‘ರೋಗಾಣುರಹಿತ’ ಸಾಲದು, ರೋಗ ತರದ ಸೂಕ್ಷ್ಮಜೀವಿಗಳೂ ಇರಬಾರದು, ಬ್ಯಾಕ್ಟೀರಿಯಾದ ಬೀಜಾಣುಗಳೂ, ಅಂದರೆ ಗಟ್ಟಿ ಕವಚದೊಳಗೆ ಸುಪ್ತವಾಗಿರುವ ಅವುಗಳ ರೂಪವೂ, ಸಾಯಬೇಕು. ಕುದಿಯುವ ನೀರಿನಲ್ಲೂ ಬದುಕಿ ಉಳಿಯಬಲ್ಲ ಬೀಜಾಣುಗಳಿವೆ, ಅದಕ್ಕೇ ಆಟೋಕ್ಲೇವ್‌ನಲ್ಲಿ ಒತ್ತಡದ ಉಗಿಯನ್ನು 121 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿ ಕನಿಷ್ಠ 15 ನಿಮಿಷ ಹಿಡಿಯುವುದು. ‘ನಿರ್ಜೀವೀಕರಿಸಿದ’ ಅರ್ಥದಲ್ಲಿ ಪಕ್ಕಾ. ಆದರೆ ‘ನಿರ್ಜೀವ ಬಟ್ಟೆ’ ಎಂದರೆ ಕಲಿಯುವವರು ಕಕ್ಕಾಬಿಕ್ಕಿಯಾಗುತ್ತಾರೆ, ಬಟ್ಟೆಗೆ ಜೀವವಿತ್ತೇ ಎಂದು. ‘ನಿಷ್ಕ್ರಿಮೀಕರಿಸಿದ’ ತುರ್ತಿನಲ್ಲಿ ಬಾಯಿಗೆ ಬರುವ ಮಾತಲ್ಲ. ‘ಸ್ಟೆರೈಲ್’ ಅನ್ನೇ ಉಳಿಸಿಕೊಳ್ಳೋಣ ಎಂಬುದು ನನ್ನ ಖಚಿತ ನಿಲುವು. ಇಂಜೆಕ್ಷನ್, ಬ್ಯಾಂಡೇಜ್ ಕನ್ನಡವಾದ ಹಾಗೆ ಇದೂ ಆಗಿದೆ. ಕನ್ನಡದ ಆಡುಮಾತಿನಲ್ಲಿ ಬೇರೆ ಅರ್ಥ ಅಂಟಿಕೊಂಡಿಲ್ಲದ ಪದವಾದ್ದರಿಂದ ‘ಸ್ವಲ್ಪ ಸ್ಟೆರೈಲ್’ ಎಂದು ಯಾರೂ ಯೋಚಿಸುವುದಿಲ್ಲ. ‘ಸ್ವಲ್ಪ ಶುದ್ಧ’ ಎಂದು ಯೋಚಿಸಬಹುದು.

ನಿಜವಾಗಿ ಕನ್ನಡದ ಪದವೇ ಬೇಕಾಗಿರುವುದು ಸ್ಟೆರೈಲ್ ಆಗಿದ್ದದ್ದು ಹಾಗೆ ಉಳಿಯದೆ ಹೋದಾಗ. ಸ್ಟೆರೈಲ್ ಕೈಗವಸು ತೊಟ್ಟವರು ಮಂಚದ ಸರಳಿಗೆ ಬೆರಳು ತಾಗಿಸಿದರು ಎನ್ನಿ. ಕೈಗವಸು ಕೊಳಕಾಗಿಲ್ಲ, ಹರಿದಿಲ್ಲ, ಆದರೆ ಅದನ್ನು ಕಳಚಿ ಬೇರೆ ತೊಡಲೇಬೇಕು. ಉಪಕರಣದ ಪೊಟ್ಟಣ ಒದ್ದೆಯಾದರೂ ಹಾಗೆಯೇ, ಸೊಂಟಕ್ಕಿಂತ ಕೆಳಗಿಳಿದ ಕೈಯೂ ಹಾಗೆಯೇ. ಪಕ್ಕದಲ್ಲಿ ನಿಂತವರು ಆ ಕ್ಷಣದಲ್ಲಿ ಒಂದೇ ಮಾತಿನಲ್ಲಿ ಎಚ್ಚರಿಸಬೇಕು. ‘ಕಲುಷಿತವಾಯಿತು’ ಬರಹಕ್ಕೆ ಸರಿ, ಬಾಯಿಗೆ ಭಾರ. ‘ಮಲಿನ’ ಎಂದರೆ ಕಣ್ಣು ಮತ್ತೆ ಕೊಳೆ ಹುಡುಕುತ್ತದೆ. ‘ಸೋಕಿತು’ ಎನ್ನಬಹುದೇ ಎಂದು ಬಹಳ ಯೋಚಿಸಿದೆ. ಸೋಕು, ಸೋಂಕು ಎರಡೂ ಮೂಲದಲ್ಲಿ ತಾಗು ಎಂಬ ಅರ್ಥದವೇ, ಗಾಳಿ ಸೋಕಿತು ಎಂದು ಈಗಲೂ ಆಡುತ್ತೇವೆ. ವಸ್ತುವಿಗೆ ‘ಸೋಕು’, ದೇಹಕ್ಕೆ ‘ಸೋಂಕು’ ಎಂದು ಹಂಚಿದರೆ ವ್ಯಾಕರಣಕ್ಕೆ ಸೊಗಸು. ಆದರೆ ಅವಸರದ ಕೈಬರಹದಲ್ಲಿ ಒಂದು ಸೊನ್ನೆಯ ಅಂತರ ಅಳಿಸಿಹೋಗುತ್ತದೆ. ಅಷ್ಟು ತೆಳುವಾದ ಗೆರೆಯ ಮೇಲೆ ರೋಗಿಯನ್ನು ನಿಲ್ಲಿಸಲು ನಾನು ಒಪ್ಪಲಾರೆ.

ನನ್ನ ಒಲವು ‘ಕೆಟ್ಟಿತು’ ಕಡೆಗೆ. ಕೈಗವಸು ಕೆಟ್ಟಿತು, ಟ್ರೇ ಕೆಟ್ಟಿತು. ಹಾಲು ಕೆಟ್ಟಿತು ಎನ್ನುವಾಗ ಬಣ್ಣ ಬದಲಾಗಿರಬೇಕೆಂದೇನಿಲ್ಲ, ಇನ್ನು ಬಳಸುವ ಹಾಗಿಲ್ಲ ಎಂಬುದಷ್ಟೇ ತಿಳಿಯುತ್ತದೆ. ನಮಗೆ ಬೇಕಾದದ್ದೂ ಅಷ್ಟೇ. ಯಂತ್ರ ಕೆಟ್ಟಿತು ಎಂಬ ಅರ್ಥ ಅಡ್ಡ ಬರುತ್ತದೆಯೇ? ಮಾನಿಟರು, ಪಂಪುಗಳ ವಿಷಯದಲ್ಲಿ ಬರಬಹುದು. ಕೈಗವಸು, ಬಟ್ಟೆ, ಇಕ್ಕಳಗಳ ವಿಷಯದಲ್ಲಿ ಬರಲಾರದು. ಇದಕ್ಕಿಂತ ಒಳ್ಳೆಯದು ನಿಮ್ಮ ಬಾಯಲ್ಲಿದ್ದರೆ ದಯವಿಟ್ಟು ತಿಳಿಸಿ.

ಇನ್ನು ‘ಸೋಂಕು’. ಕರಡಿನಲ್ಲಿ ಒಂದು ಕಡೆ ‘ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಂಡರೆ ಸೋಂಕು ಎಂದು ತಿಳಿಯಿರಿ’ ಎಂದಿದೆ. ಇದು ಭಾಷೆಯಿಂದಲೇ ಹುಟ್ಟಿದ ತಪ್ಪು. ಬಹುಕಾಲ ಕ್ಯಾತಿಟರ್ (ಮೂತ್ರ ಹೊರಗೆ ಹರಿಸುವ ನಳಿಕೆ) ಇಟ್ಟುಕೊಂಡವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇದ್ದೇ ಇರುತ್ತವೆ. ಜ್ವರ, ನೋವು ಏನೂ ಇಲ್ಲದಿದ್ದರೆ ಸಾಮಾನ್ಯವಾಗಿ ಆಂಟಿಬಯೋಟಿಕ್ ಬೇಕಾಗುವುದಿಲ್ಲ. ಆರೋಗ್ಯವಂತರಲ್ಲೂ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರ ಮೂಗಿನಲ್ಲಿ ಸ್ಟೆಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಸದ್ದಿಲ್ಲದೆ ಇರುತ್ತದೆ. ಅವರಿಗೆ ಕಾಯಿಲೆಯಿಲ್ಲ, ಆದರೆ ಅವರ ಕೈಯಿಂದ ಇನ್ನೊಬ್ಬರ ಗಾಯಕ್ಕೆ ಅದು ದಾಟಬಲ್ಲದು. ಈ ಸ್ಥಿತಿಗೆ ‘ನೆಲೆಸಿದೆ’ ಎಂಬ ಕ್ರಿಯಾಪದ ಹೇಗೆ? ‘ಮೂಗಿನಲ್ಲಿ ನೆಲೆಸಿದೆ, ಸೋಂಕಾಗಿಲ್ಲ’ ಎಂದು ಬರೆದರೆ ಮದ್ದು ಬೇಡ, ಎಚ್ಚರ ಬೇಕು ಎಂಬ ಎರಡೂ ಸಂಗತಿ ತಿಳಿಯುತ್ತದೆ.

ಕೈಯ ವಿಷಯಕ್ಕೆ ಎರಡು ಕ್ರಿಯಾಪದ ಬೇಕು. ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲಿ ಕೈಶುಚಿಗೆ ಐದು ಸಂದರ್ಭಗಳನ್ನು ಹೇಳಿದೆ. ರೋಗಿಯನ್ನು ಮುಟ್ಟುವ ಮೊದಲು ಮತ್ತು ಮುಟ್ಟಿದ ಮೇಲೆ, ಸ್ಟೆರೈಲ್ ಕೆಲಸಕ್ಕೆ ಕೈ ಹಾಕುವ ಮೊದಲು, ರಕ್ತ ಮೂತ್ರಾದಿಗಳು ತಾಗಿರಬಹುದಾದಾಗ, ರೋಗಿಯ ಸುತ್ತಲಿನ ವಸ್ತು ಮುಟ್ಟಿದ ಮೇಲೆ. ಇವುಗಳಲ್ಲಿ ಹೆಚ್ಚಿನವಕ್ಕೆ ಆಲ್ಕೋಹಾಲ್ ದ್ರಾವಣ ಸಾಕು, 20ರಿಂದ 30 ಸೆಕೆಂಡು. ಕರಡು ಇದನ್ನೂ ‘ಕೈ ತೊಳೆಯಿರಿ’ ಎಂದೇ ಕರೆದಿದೆ. ಇನ್ನೊಂದೆಡೆ ‘ಸವರಿಕೊಳ್ಳಿ’ ಎಂದಿದೆ. ಸವರುವುದೆಂದರೆ ಮೇಲೆ ಮೇಲೆ ಹಚ್ಚುವುದು. ಬೆರಳ ಸಂದು, ಹೆಬ್ಬೆರಳ ಬುಡ, ಉಗುರ ತುದಿ ತಪ್ಪಿಹೋಗುವುದು ಹಾಗೆಯೇ. ‘ಒಣಗುವ ತನಕ ಉಜ್ಜಿಕೊಳ್ಳಿ’ ಎಂದಾಗಬೇಕು, ಒರೆಸಿಕೊಳ್ಳಬಾರದು ಎಂಬುದೂ ಅದರಲ್ಲೇ ಬರುತ್ತದೆ. ಕಣ್ಣಿಗೆ ಕಾಣುವ ಕೊಳೆಯಿದ್ದರೆ, ಅಥವಾ ಕ್ಲಾಸ್ಟ್ರಿಡಿಯಾಯ್ಡೀಸ್ ಡಿಫಿಸೀಲ್ (ಹಿಂದಿನ ಹೆಸರು ಕ್ಲಾಸ್ಟ್ರಿಡಿಯಂ ಡಿಫಿಸೀಲ್) ಎಂಬ ಬ್ಯಾಕ್ಟೀರಿಯಾ ತರುವ ಭೇದಿಯ ರೋಗಿಯನ್ನು ಆರೈಕೆ ಮಾಡಿದ್ದರೆ, ಸೋಪು ನೀರಿನಲ್ಲಿ ‘ತೊಳೆಯಿರಿ’, 40ರಿಂದ 60 ಸೆಕೆಂಡು. ಅದರ ಬೀಜಾಣುಗಳನ್ನು ಆಲ್ಕೋಹಾಲ್ ಕೊಲ್ಲುವುದಿಲ್ಲ, ನೀರು ಕೊಚ್ಚಿಕೊಂಡು ಹೋಗಬೇಕು. ಇಲ್ಲಿ ಉಜ್ಜು, ತೊಳೆ ಅದಲುಬದಲಾಗುವ ಹಾಗಿಲ್ಲ.

ಕೊನೆಯದಾಗಿ ಒಂದು ಪ್ರಶ್ನಾವಾಕ್ಯದ ಬಗ್ಗೆ. ಔಷಧ ಕೊಡುವ ಮೊದಲು ರೋಗಿ ಯಾರೆಂದು ಖಚಿತ ಮಾಡಿಕೊಳ್ಳಲು ಕರಡು ‘ನೀವು ಇಂಥವರು ತಾನೇ?’ ಎಂದು ಕೇಳಲು ಹೇಳುತ್ತದೆ. ‘ತಾನೇ’, ‘ಅಲ್ಲವೇ’ ಬಂದ ಕೂಡಲೇ ಉತ್ತರವನ್ನು ನಾವೇ ಕೊಟ್ಟ ಹಾಗಾಯಿತು. ಜ್ವರದ ಮಂಪರಿನಲ್ಲಿದ್ದವರು, ಕಿವಿ ಮಂದವಾದವರು, ಸಂಕೋಚದವರು ಎಲ್ಲರೂ ‘ಹೂಂ’ ಎನ್ನುತ್ತಾರೆ. ಸಂಸ್ಕೃತದಲ್ಲಿ ಶುಶ್ರೂಷಾ ಎಂದರೆ ಮೊದಲಿಗೆ ಕೇಳಿಸಿಕೊಳ್ಳುವ ಇಚ್ಛೆ, ಸೇವೆಯೆಂಬ ಅರ್ಥ ಅದರಿಂದ ಬೆಳೆದದ್ದು. ರೋಗಿಯ ಬಾಯಿಂದಲೇ ಹೆಸರು ಬರಬೇಕು. ‘ನಿಮ್ಮ ಪೂರ್ತಿ ಹೆಸರು ಹೇಳ್ತೀರಾ?’, ಆಮೇಲೆ ‘ಹುಟ್ಟಿದ ತಾರೀಖು?’. ಎರಡನ್ನೂ ಕೈಪಟ್ಟಿಯ ಜೊತೆ ತಾಳೆ ನೋಡಬೇಕು. ಹಿರಿಯರಿಗೆ ಇದು ತನಿಖೆಯಂತೆ ಕೇಳಿಸಬಾರದು, ಹಾಗೆಂದು ‘ತಾನೇ’ ಮತ್ತೆ ನುಸುಳಲೂಬಾರದು. ‘ಪ್ರತಿ ಸಲ ಕೇಳ್ತೀವಿ, ಬೇಜಾರಾಗಬೇಡಿ’ ಎಂದು ಮುಂದೆ ಸೇರಿಸಿದ್ದೇನೆ. ಇನ್ನೂ ಹಿತವಾದ ವಾಕ್ಯ ನಿಮಗೆ ತೋಚಿದರೆ ಅದನ್ನೇ ಅಚ್ಚಿಗೆ ಕಳಿಸುತ್ತೇನೆ.