ಸಹಾಯ ಬೇಕು: ಸ್ಕೂಟರಿನ ಫುಟ್‌ಬೋರ್ಡ್ ಪ್ಯಾನೆಲ್ ಕಿವಿ ಮುರಿದಿದೆ (ಶಿರಸಿ)

ನಮಸ್ಕಾರ. ಅಪ್ಪನ ಹಳೇ ಸ್ಕೂಟರಿನ ಫುಟ್‌ಬೋರ್ಡಿನ ಕಪ್ಪು ಪ್ಲಾಸ್ಟಿಕ್ ಪ್ಯಾನೆಲ್‌ನಲ್ಲಿ ಎಡಗಡೆ ಸ್ಕ್ರೂ ಕೂರುವ ಕಿವಿ ಬುಡಸಮೇತ ಕಿತ್ತು ಬಂದಿದೆ. ಬೆರಳ ತುದಿಯಷ್ಟು ಚೂರು. ಆದ್ರೆ ದೇವಿಮನೆ ಘಟ್ಟ ಇಳಿಯೋಕೆ ಶುರುಮಾಡಿದ್ರೆ ಕುಮಟಾ ಬರೋವರೆಗೂ ಗಡಗಡ. (ಅಡಿಕೆ ಚೀಲ ಇಟ್ಟರೆ ಮಾತ್ರ ಸುಮ್ಮನಿರುತ್ತದೆ.) ಮುರಿದ ತುಂಡು ಜೋಪಾನವಾಗಿ ಇಟ್ಟಿದ್ದೇನೆ.

ಗಮ್ ಹಾಕಿ ಅನ್ನುವವರಿಗೆ: ಪ್ಯಾನೆಲ್ ಒಳಮೈಯಲ್ಲಿ ‘ಪಿಪಿ’ ಅಂತ ಅಚ್ಚಿದೆ, ಅಂದ್ರೆ ಪಾಲಿಪ್ರೊಪಿಲೀನ್. ಅದಕ್ಕೆ ಮಾಮೂಲಿ ಗಮ್ಮೂ ಹಿಡಿಯೋದಿಲ್ಲ, ಎಪಾಕ್ಸಿಯೂ ನಿಲ್ಲೋದಿಲ್ಲ. ಒಣಗಿದ ಮೇಲೆ ಸಿಪ್ಪೆ ಬಿಟ್ಟ ಹಾಗೆ ಏಳುತ್ತದೆ. ಕಾಯಿಸಿಯೇ ಬೆಸೆಯಬೇಕು, ಅದೂ ಪಿಪಿ ಕಡ್ಡಿಯಿಂದಲೇ. ಎಬಿಎಸ್ (ಅದು ಬೇರೆ ಜಾತಿ ಪ್ಲಾಸ್ಟಿಕ್) ಕಡ್ಡಿ ಇದರ ಜೊತೆ ಕೂಡೋದಿಲ್ಲ.

ಶಿರಸಿ, ಸಿದ್ದಾಪುರ, ಕುಮಟಾ ಕಡೆ ಬಂಪರ್‌ಗೆ ಪ್ಲಾಸ್ಟಿಕ್ ವೆಲ್ಡಿಂಗ್ ಮಾಡುವವರು ಯಾರಿದ್ದಾರೆ? ಒಳಗಿಂದ ಸ್ಟೀಲ್ ಜಾಳಿಗೆ ಕೂರಿಸಿ ಮಾಡಿಸಿದವರಿದ್ದರೆ, ಗ್ಯಾಸ್ ಸಿಲಿಂಡರ್ ಭಾರ ತಡೆಯುತ್ತಾ ಹೇಳಿ. ಹುಬ್ಬಳ್ಳಿ ಗುಜರಿಯಲ್ಲಿ ಹಳೇ ಪ್ಯಾನೆಲ್ ಸಿಗೋದಾದ್ರೆ ಅದೂ ಆದೀತು. ಹೊಸದಾದ್ರೆ ಇಡೀ ಪ್ಯಾನೆಲ್ಲೇ ತಗೋಬೇಕು. ಇಷ್ಟು ಚೂರಿಗೆ ಅದು ದಂಡ ಅಂತ ನನ್ನ ಲೆಕ್ಕ.

ಮಳೆ ಹಿಡಿಯೋದ್ರೊಳಗೆ ಆಗ್ಬೇಕು ಮಾರಾಯ್ರೆ, ಆ ಸಂದಿಯಿಂದ ಕೆಸರು ಸೀದಾ ವೈರಿಂಗ್ ಮೇಲೆ ಹೋಗ್ತದೆ. ಫೋಟೋ ಬೇಕಾದ್ರೆ ಕಳಿಸ್ತೇನೆ.