ಹಾಯಿದೋಣಿಯಲ್ಲೇ ವಾಸ: ಮಾಲ್ಡೀವ್ಸ್ ಯಾನಕ್ಕೆ ಮುನ್ನ

ಪ್ರಶ್ನೆ (ಕುಂಬಳೆ):
ನಾನೂ ಹೆಂಡತಿಯೂ ತಳಂಗರೆಯ ಬಳಿ ಚಂದ್ರಗಿರಿ ಹೊಳೆಯಲ್ಲಿ ಲಂಗರು ಹಾಕಿರುವ 30 ಅಡಿಯ ಹಾಯಿದೋಣಿಯಲ್ಲಿ ಎರಡು ತಿಂಗಳಿಂದ ವಾಸವಾಗಿದ್ದು, ಜನವರಿಯಲ್ಲಿ ಮಾಲ್ಡೀವ್ಸ್‌ಗೆ ಹೊರಡುವ ಸಿದ್ಧತೆಯಲ್ಲಿದ್ದೇವೆ. ಬೆಳಗಾಗುವಾಗ ಹಾಸಿಗೆಯ ಅಡಿಭಾಗ ಒದ್ದೆಯಾಗಿರುತ್ತದೆ, ಬ್ಯಾಟರಿ ನಡುರಾತ್ರಿಗೇ ಸೊರಗುತ್ತದೆ. ಮೊದಲು ಯಾವುದನ್ನು ಸರಿಪಡಿಸಬೇಕೆಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ (ಮಂಜೇಶ್ವರ):
ಆ ನೀರನ್ನು ಬೆರಳಿನಿಂದ ನಾಲಿಗೆಗೆ ತಾಗಿಸಿ ನೋಡಿ: ಉಪ್ಪಾಗಿದ್ದರೆ ಹೊರಗಿನ ಸೋರಿಕೆ, ಸಪ್ಪೆಯಾಗಿದ್ದರೆ ಬಹುಶಃ ನಿಮ್ಮ ಉಸಿರಿನ ತೇವವೇ ದೋಣಿಯ ತಣ್ಣನೆಯ ಒಡಲಿಗೆ ತಗುಲಿ ಹನಿಗಟ್ಟಿದ್ದು, ಅದಕ್ಕೆ ಹಾಸಿಗೆಯಡಿ ಮರದ ಪಟ್ಟಿ ಜೋಡಿಸಿ ಗಾಳಿಯಾಡಿಸಿದರೆ ಸಾಕು. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದುಮಾಡಿದರೆ ಅದರ ಆಯುಸ್ಸು ಕುಗ್ಗುತ್ತದೆ. ದೋಣಿಯಲ್ಲಿ ಫ್ರಿಜ್ ಇದ್ದರೆ ಅದು ಬ್ಯಾಟರಿಯಿಂದ ದಿನಕ್ಕೆ ಎಷ್ಟು ಆಂಪಿಯರ್‌ಗಂಟೆ (ಬ್ಯಾಟರಿಯ ವಿದ್ಯುತ್ ಅಳೆಯುವ ಮಾನ) ಎಳೆಯುತ್ತದೆಂದು ಅಳೆಯಿರಿ.

ಉತ್ತರ (ನೀಲೇಶ್ವರ):
ಜನವರಿಯ ಆಯ್ಕೆ ಸರಿಯಾಗಿದೆ, ಆಗಿನ ಈಶಾನ್ಯ ಗಾಳಿ ನಿಮ್ಮ ಬೆನ್ನಿಗಿರುತ್ತದೆ. ಅಳಿವೆಯ ಮರಳುದಿಬ್ಬವನ್ನು ಭರತದ (ಸಮುದ್ರದ ನೀರು ಏರಿರುವ) ಹೊತ್ತಿನಲ್ಲೇ ದಾಟಿ. ಕಸ್ಟಮ್ಸ್ ಮತ್ತು ವಲಸೆ ವಿಭಾಗದ ನಿರ್ಗಮನ ಮುದ್ರೆಯನ್ನು ಕೊಚ್ಚಿಯಲ್ಲಿ ಪಡೆದ ಮೇಲೆ ದಾರಿಯಲ್ಲಿ ಲಕ್ಷದ್ವೀಪದ ಮಿನಿಕಾಯ್ ದ್ವೀಪಕ್ಕೆ ಇಳಿಯುವ ಯೋಚನೆ ಬೇಡ. ಅಲ್ಲಿಗೆ ಪ್ರತ್ಯೇಕ ಅನುಮತಿಯೇ ಬೇಕು.

ಪ್ರಶ್ನೆ ಕೇಳಿದವರು:
ರುಚಿ ನೋಡಿದೆ, ಉಪ್ಪೇ. ಪ್ರೊಪೆಲ್ಲರ್ ದಂಡದ ಸೀಲಿನಿಂದ ನಿಮಿಷಕ್ಕೆ ಹತ್ತಾರು ಹನಿ ತೊಟ್ಟಿಕ್ಕುತ್ತಿದೆ; ನಾಳೆಯೇ ಬಿಚ್ಚಿಸುತ್ತೇನೆ.